ಓಖ್ಲಾದ ಒಡ್ಡು

ಓಖ್ಲಾ ಎಂಬ ಹೆಸರು ದಿಲ್ಲಿಯನ್ನು ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ನನಗೆ ಬಾಯಿಪಾಠವಾಗಿತ್ತು. ಕಲಬುರಗಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುವಾಗ ನೀರಾವರಿಯ ಪಠ್ಯದಲ್ಲಿ ಒಡ್ಡುಗಳ ಅಧ್ಯಾಯವೊಂದಿತ್ತು. ಬಂಡೆ ಸಿಕ್ಕ ಕಡೆ ಕಟ್ಟುವ ಒಡ್ಡು ಒಂದು ಬಗೆ, ಬರೀ ಮರಳಿರುವ ಕಡೆ ಕಟ್ಟುವುದು ಇನ್ನೊಂದು ಬಗೆ. ಗಾರೆಯಿಲ್ಲದೆ ಕಲ್ಲು ಪೇರಿಸಿ ಮರಳಿನ ಮೇಲೆ ಕೂರಿಸಿದ ಒಡ್ಡಿಗೆ ಉದಾಹರಣೆ ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು: ದಿಲ್ಲಿಯ ಬಳಿ ಯಮುನೆಗೆ ಅಡ್ಡಲಾಗಿರುವ ಓಖ್ಲಾ ಒಡ್ಡು. ಅದರ ಅಡ್ಡಸೀಳಿಕೆಯ ಚಿತ್ರವನ್ನು ಪರೀಕ್ಷೆಗಾಗಿ ಬರೆದು ಬರೆದು ಕೈ ಪಳಗಿತ್ತು. ಆಮೇಲೆ ಕೇಂದ್ರ ಸರ್ಕಾರದಲ್ಲಿ ನೀರಿನ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಆರ್.ಕೆ. ಪುರದ ಸೇವಾ ಭವನದಲ್ಲಿ ಕಡತಗಳ ನಡುವೆ ವಯಸ್ಸು ಕಳೆದು, ನಿವೃತ್ತಿಯಾದ ಮೇಲೆ ಓಖ್ಲಾ ಪಕ್ಕದ ಜಸೋಲಾದಲ್ಲಿ ನೆಲೆ ನಿಂತೆ.

ಇಲ್ಲಿ ಯಾರನ್ನೇ ಕೇಳಿ, ಓಖ್ಲಾ ಎಂದರೆ ಕಾರ್ಖಾನೆ ಪ್ರದೇಶ, ಸಬ್ಜಿ ಮಂಡಿ, ಜಾಮಿಯಾ ವಿಶ್ವವಿದ್ಯಾಲಯ, ಮೆಟ್ರೊ ನಿಲ್ದಾಣ ಎನ್ನುತ್ತಾರೆ. ನದಿಯನ್ನು ಯಾರೂ ಹೇಳುವುದಿಲ್ಲ. ಆದರೆ ಇವೆಲ್ಲ ಇಲ್ಲಿಗೆ ಬಂದದ್ದು ನದಿಯ ಬೆನ್ನು ಹತ್ತಿ. ಆ ನದಿಯನ್ನು ಮನುಷ್ಯ ತುಂಡರಿಸಿದ್ದೂ ಇಲ್ಲೇ. ಈ ಊರಿನ ಚರಿತ್ರೆಯನ್ನು ಅರಸರ ಪಟ್ಟಿಯಿಂದ ಓದುವುದಕ್ಕಿಂತ ನೆಲ ಮತ್ತು ನೀರಿನಿಂದ ಓದುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಯಮುನೆಯ ಒಟ್ಟು ಉದ್ದ 1376 ಕಿಲೋಮೀಟರ್. ಗಢವಾಲದ ಬಂದರ್‌ಪೂಂಛ್ ಶಿಖರದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಆರು ಸಾವಿರ ಮೀಟರಿಗೂ ಮೇಲಿರುವ ಹಿಮದಲ್ಲಿ ಹುಟ್ಟಿ, ಯಮುನೋತ್ರಿಯ ಗುಡಿಯ ಹತ್ತಿರ ಜನರ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಬಡ್ಕೋಟ್, ನೌಗಾಂವ್ ದಾಟಿ ಕಡಿದಾದ ಕಣಿವೆಯಲ್ಲಿ ಧುಮುಕುತ್ತ ಕಾಲ್ಸಿಯ ಹತ್ತಿರ ಟೋನ್ಸ್ ನದಿಯನ್ನು ಕೂಡಿಕೊಳ್ಳುತ್ತದೆ. ಕೂಡುವ ಜಾಗದಲ್ಲಿ ಟೋನ್ಸ್ ತರುವ ನೀರೇ ಹೆಚ್ಚು. ಹೆಸರು ಮಾತ್ರ ಯಮುನೆಯದು ಉಳಿಯುತ್ತದೆ. ಗಿರಿ, ಅಸನ್ ಮುಂತಾದವು ಸೇರಿ ಶಿವಾಲಿಕ್ ಬೆಟ್ಟ ದಾಟುವ ಹೊತ್ತಿಗೆ ಗುಡ್ಡಗಾಡಿನ ಹರಿವು ಮುಗಿಯಿತು. ಯಮುನೋತ್ರಿಯಿಂದ ತಾಜೇವಾಲಾದವರೆಗಿನ ಈ ಮೊದಲ ಭಾಗ 172 ಕಿಲೋಮೀಟರ್. ಅಷ್ಟರೊಳಗೆ ನದಿ ಇಳಿಯುವ ಎತ್ತರ ಸುಮಾರು ಮೂರು ಸಾವಿರ ಮೀಟರ್. ಅಲ್ಲಿಂದ ಓಖ್ಲಾದವರೆಗೆ ಮತ್ತೆ 246 ಕಿಲೋಮೀಟರ್ ಹರಿದರೂ ಇಳಿಯುವುದು ನೂರಮೂವತ್ತು ಮೀಟರಿನ ಆಸುಪಾಸು ಮಾತ್ರ. ಬೆಟ್ಟದಲ್ಲಿ ಬಂಡೆ ಉರುಳಿಸುತ್ತಿದ್ದ ನೀರಿಗೆ ಬಯಲಿನಲ್ಲಿ ನುಣ್ಣನೆಯ ಮರಳು ಹೊರುವಷ್ಟೇ ತ್ರಾಣ. ಅದನ್ನೂ ಹೊರಲಾರದೆ ಅಲ್ಲಲ್ಲಿ ಇಳಿಸುತ್ತ, ತಾನೇ ಇಳಿಸಿದ ಮರಳಿಗೆ ಸುತ್ತುಹಾಕುತ್ತ, ದಂಡೆ ಬದಲಿಸುತ್ತ ಸಾಗುವುದು ಅದರ ಸ್ವಭಾವ.

ಹೀಗೆ ಅಲೆಯುವ ನದಿಗೆ ದಿಲ್ಲಿಯಲ್ಲಿ ಒಂದು ಕಡೆ ತಡೆಯಿದೆ. ಗುಜರಾತಿನಿಂದ ಹೊರಟ ಅರಾವಳಿ ಬೆಟ್ಟಸಾಲಿನ ಬಾಲ ದಿಲ್ಲಿಯಲ್ಲಿ ಮುಗಿಯುತ್ತದೆ. ಉತ್ತರದ ತುದಿ ವಜೀರಾಬಾದಿನಲ್ಲಿ ಯಮುನೆಯ ದಂಡೆಗೇ ತಾಗುತ್ತದೆ. ನೂರು ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬೆಣಚುಕಲ್ಲು ಅದು. ದಕ್ಷಿಣದಲ್ಲಿ ತುಘಲಕಾಬಾದ್, ಕಾಲ್ಕಾಜಿ ಕಡೆಯಿಂದ ಅದರ ಕವಲುಗಳು ಓಖ್ಲಾದ ಹತ್ತಿರ ಬರುತ್ತವೆ. ಪಶ್ಚಿಮಕ್ಕೆ ಕಲ್ಲು ಇರುವುದರಿಂದ ನದಿ ಆ ಕಡೆ ಹೆಚ್ಚು ಹೊರಳುವಂತಿಲ್ಲ. ಪೂರ್ವಕ್ಕೆ ಮಾತ್ರ ಬಯಲೋ ಬಯಲು. ನದಿ ಆಗಾಗ ಮುಳುಗಿಸುವ ತಗ್ಗು ನೆಲಕ್ಕೆ ಇಲ್ಲಿಯ ರೈತರು ಖಾದರ್ ಎನ್ನುತ್ತಾರೆ, ನೆರೆ ಮುಟ್ಟದ ಎತ್ತರದ ನೆಲಕ್ಕೆ ಬಾಂಗರ್. ಮದನಪುರ ಖಾದರ್ ಎಂಬ ಊರಿನ ಹೆಸರು ನೋಡಿದರೆ ಸಾಕು, ಅಲ್ಲಿ ನಿವೇಶನ ಕೊಳ್ಳುವವನಿಗೆ ಬೇರೆ ಎಚ್ಚರಿಕೆ ಬೇಡ. ಗಾರೆ ಕೆಲಸದವರ ಬಾಯಲ್ಲೂ ಈ ಭೂಗೋಳ ಇದೆ. ಬೆಣಚುಕಲ್ಲಿನ ದಪ್ಪ ಮರಳಿಗೆ ‘ಬದರ್‌ಪುರ್’ ಎಂದೂ ನದಿಯ ನುಣ್ಣನೆಯ ಮರಳಿಗೆ ‘ಜಮುನಾ’ ಎಂದೂ ಕರೆಯುತ್ತಾರೆ. ಕಾಂಕ್ರೀಟಿಗೆ ಮೊದಲನೆಯದು, ಗಿಲಾವಿಗೆ ಎರಡನೆಯದು.

ಕಲ್ಲು ನದಿಗೆ ಹತ್ತಿರ ಬರುವ ಜಾಗ ಮನುಷ್ಯನಿಗೂ ದಾರಿಯಾಗುತ್ತದೆ. 1966ರಲ್ಲಿ ಶ್ರೀನಿವಾಸಪುರಿಯ ಹತ್ತಿರ, ಕಾಲ್ಕಾಜಿ ಗುಡಿಯಿಂದ ದೂರವಲ್ಲದ ಬಹಾಪುರದ ಬಂಡೆಯೊಂದರ ಮೇಲೆ ಅಶೋಕನ ಕಿರುಶಾಸನ ಸಿಕ್ಕಿತು. ಇಳಿಜಾರು ಬಂಡೆ, ಮೇಲೆ ಸವೆದ ಬ್ರಾಹ್ಮಿ ಅಕ್ಷರ. ಸುತ್ತ ಮನೆಗಳು ಎದ್ದಿರುವುದರಿಂದ ವಿಳಾಸ ಗೊತ್ತಿದ್ದವರಿಗೆ ಮಾತ್ರ ಸಿಗುತ್ತದೆ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಶ್ರದ್ಧೆಯಿಂದ ದುಡಿದರೆ ಸ್ವರ್ಗದ ಫಲ ಪಡೆಯಬಲ್ಲ ಎಂಬುದು ಅದರ ಸಾರ. ಆ ಸಾರ ನನಗೆ ಹೊಸದಲ್ಲ, ಏಕೆಂದರೆ ನಾನು ರಾಯಚೂರು ಜಿಲ್ಲೆಯ ಮಸ್ಕಿ ಕಡೆಯವನು. ಇದೇ ಶಾಸನದ ಇನ್ನೊಂದು ಪ್ರತಿ ನಮ್ಮ ಮಸ್ಕಿಯ ಗುಡ್ಡದಲ್ಲಿದೆ. ಅದು ಬೆಳಕಿಗೆ ಬಂದದ್ದು 1915ರಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನ ಕಣ್ಣಿಗೆ ಬಿದ್ದು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇದ್ದದ್ದರಿಂದ ಮಸ್ಕಿ ಜಗತ್ತಿಗೆ ಗೊತ್ತಾಯಿತು. ಬ್ರಹ್ಮಗಿರಿ, ಸಿದ್ದಾಪುರ, ಕೊಪ್ಪಳದ ಗವಿಮಠ, ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಂ ಎಲ್ಲ ಕಡೆಯೂ ಈ ಶಾಸನ ಇದೆ. ಅಶೋಕ ಇಂಥವನ್ನು ಕೆತ್ತಿಸಿದ್ದು ಜನ ಓಡಾಡುವ ಹಾದಿಗಳಲ್ಲಿ. ಬಹಾಪುರದ ಬಂಡೆಯೂ ಅಂಥದೊಂದು ಹಾದಿಯ ಮಗ್ಗುಲಲ್ಲಿತ್ತು, ಆ ಹಾದಿ ಯಮುನೆಯ ಕಡವಿಗೆ ಇಳಿಯುತ್ತಿತ್ತು ಎಂದು ವಿದ್ವಾಂಸರು ಭಾವಿಸುತ್ತಾರೆ. ಮೂಲ ಹಿಡಿದರೆ ಓಖ್ಲಾ ಸೀಮೆ ಒಂದು ಕಡವಿನ ಸೀಮೆ.

ಕನ್ನಡದ ಸೇನೆಗಳೂ ಈ ನದಿಯನ್ನು ಕಂಡಿವೆ. ರಾಷ್ಟ್ರಕೂಟ ಧ್ರುವ ಗಂಗಾ–ಯಮುನೆಗಳ ನಡುವಣ ನಾಡಿಗೆ ದಂಡೆತ್ತಿ ಬಂದು ಹೋದ ಮೇಲೆ ಆ ಎರಡು ನದಿಗಳ ಚಿಹ್ನೆಗಳು ಅವರ ಲಾಂಛನ ಸೇರಿದವು. ಸುಮಾರು 916ರಲ್ಲಿ ಮೂರನೆಯ ಇಂದ್ರನ ಕುದುರೆಗಳು ಸಮುದ್ರಕ್ಕೆ ಸಾಟಿಯಾದ ಯಮುನೆಯನ್ನು ದಾಟಿ ಕನೌಜನ್ನು ಹಾಳುಗೆಡವಿದವು ಎಂದು ಅವನ ಮಗ ನಾಲ್ಕನೆಯ ಗೋವಿಂದನ ಖಂಭಾತ್ ತಾಮ್ರಪಟ ಹೇಳುತ್ತದೆ. ಅವರು ದಾಟಿದ್ದು ಇಲ್ಲಿಂದ ಬಹಳ ಕೆಳಗೆ, ಕಾಲ್ಪಿಯ ಕಡೆ ಎಂದು ಕೆಲವು ಇತಿಹಾಸಕಾರರ ಮತ. ಶಾಸನ ಬರೆದವನಿಗೆ ಉತ್ಪ್ರೇಕ್ಷೆ ಕಸುಬು, ನಿಜ. ಆದರೂ ಸಮುದ್ರದ ಹೋಲಿಕೆ ಕೊಡಬೇಕಾದರೆ ನೀರಾದರೂ ಇರಬೇಕಲ್ಲ.

ನೀರು ಇತ್ತು ಎಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಇದೆ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಈಗಿನ ಹರಿಯಾಣದ ತೋಪ್ರಾದಲ್ಲಿದ್ದ ಅಶೋಕನ ಕಂಬವನ್ನು ಕಿತ್ತು, ಬೂರುಗದ ಅರಳೆಯ ಮೇಲೆ ಮಲಗಿಸಿ, ದೋಣಿಗಳ ಮೇಲೇರಿಸಿ ಯಮುನೆಯ ಮೇಲೇ ದಿಲ್ಲಿಗೆ ತರಿಸಿದ. ಇಂದಿಗೂ ಅದು ಫಿರೋಜ್ ಷಾ ಕೋಟ್ಲಾದ ಮೇಲೆ ನಿಂತಿದೆ. ಹತ್ತಾರು ಟನ್ ತೂಕದ ಏಕಶಿಲೆ ತೇಲಿಬಂದ ಆ ದಾರಿಯಲ್ಲಿ ಇವತ್ತು ಬೇಸಿಗೆಯಲ್ಲಿ ಮೊಣಕಾಲುದ್ದ ನೀರೂ ಸಿಗದ ಎಡೆಗಳಿವೆ. ಅದೇ ಫಿರೋಜ್ ಷಾ ಯಮುನೆಯಿಂದ ಹಿಸಾರಿನ ಕಡೆಗೆ ಕಾಲುವೆ ತೆಗೆಸಿದ. ಇಂದಿನ ಪಶ್ಚಿಮ ಯಮುನಾ ಕಾಲುವೆಯ ಮೂಲ ಅದು. ನದಿಯಿಂದ ನೀರು ಕದಲಿಸುವ ಕೆಲಸ ಬ್ರಿಟಿಷರಿಂದ ಶುರುವಾದದ್ದಲ್ಲ.

ದಿಲ್ಲಿಯ ಅರಸರು ನದಿಯ ಬೆನ್ನಿಗೇ ಊರು ಕಟ್ಟಿದರು. ಗುಲಾಮಿ ವಂಶದ ಕೈಕುಬಾದ್ ಕಿಲೋಖ್ರಿಯಲ್ಲಿ ನದಿಯ ದಂಡೆಯ ಮೇಲೆ ಅರಮನೆ ಕಟ್ಟಿಸಿದ. 1290ರಲ್ಲಿ ಜಲಾಲುದ್ದೀನ್ ಖಲ್ಜಿ ಪಟ್ಟಕ್ಕೆ ಬಂದದ್ದೂ ಅಲ್ಲೇ. ಓಖ್ಲಾದಿಂದ ಉತ್ತರಕ್ಕೆ ಮಹಾರಾಣಿ ಬಾಗ್ ಪಕ್ಕದಲ್ಲಿ ಅದೇ ಹೆಸರಿನ ಹಳ್ಳಿ ಈಗಲೂ ಇದೆ, ನದಿ ಮಾತ್ರ ಪೂರ್ವಕ್ಕೆ ಸರಿದು ಹೋಗಿದೆ. ಹುಮಾಯೂನನ ಗೋರಿ, ಪುರಾನಾ ಕಿಲಾ, ಕೆಂಪುಕೋಟೆ ಎಲ್ಲದರ ಗೋಡೆಗೂ ಒಂದು ಕಾಲಕ್ಕೆ ನೀರು ತಾಗುತ್ತಿತ್ತು. ಜಹಾಂಗೀರನ ಕಾಲದಲ್ಲಿ ಕಟ್ಟಿದ ಹನ್ನೊಂದು ಕಮಾನಿನ ಬಾರಾಪುಲ್ಲಾ ಸೇತುವೆ ಆಗಿನ ಆಗ್ರಾ ಹೆದ್ದಾರಿಯನ್ನು ಒಂದು ಹಳ್ಳದ ಮೇಲೆ ದಾಟಿಸುತ್ತಿತ್ತು. ಆ ಹಳ್ಳವೂ ಇದೆ, ಸೇತುವೆಯೂ ಇದೆ. ಕೆಳಗೆ ಹರಿಯುವುದು ದಕ್ಷಿಣ ದಿಲ್ಲಿಯ ಚರಂಡಿ ನೀರು.

ಇನ್ನು ಒಡ್ಡಿನ ಕತೆ. 1837–38ರಲ್ಲಿ ಆಗ್ರಾ ಸೀಮೆಯನ್ನು ಬರ ಬಡಿದು ಸುಮಾರು 8 ಲಕ್ಷ ಜನ ಸತ್ತರು. ಆಮೇಲೆ 1854ರಲ್ಲಿ ಗಂಗಾ ಕಾಲುವೆ ಬಂತು. ಅದು ಗಂಗೆ–ಯಮುನೆಗಳ ನಡುವಣ ನೆಲಕ್ಕೆ ಸರಿಯಾಯಿತೇ ಹೊರತು ಯಮುನೆಯ ಬಲದಂಡೆಯ ಮಥುರಾ, ಆಗ್ರಾ ಕಡೆಯ ಒಣಭೂಮಿ ಹಾಗೆಯೇ ಉಳಿಯಿತು. ಆ ನೆಲಕ್ಕೆ ನೀರು ಹಾಯಿಸಬೇಕಾದರೆ ಯಮುನೆಯನ್ನು ಸಾಕಷ್ಟು ಮೇಲೆ, ಎಂದರೆ ದಿಲ್ಲಿಯ ಹತ್ತಿರವೇ ತಡೆಯಬೇಕು. ಓಖ್ಲಾದ ಬಲದಂಡೆ ಗಟ್ಟಿನೆಲ, ಕಲ್ಲಿನ ಗುಡ್ಡ ಕೂಗಳತೆಯಲ್ಲಿದೆ, ಅಲ್ಲಿಂದ ದಕ್ಷಿಣಕ್ಕೆ ಇಳಿಜಾರಿದೆ. ಜಾಗ ಒಪ್ಪಿತವಾಯಿತು. ತೊಡಕು ಒಂದೇ: ನದಿಯ ಪಾತ್ರದಲ್ಲಿ ಎಷ್ಟು ಅಗೆದರೂ ಬಂಡೆ ಸಿಗದು, ಬರೀ ನುಣ್ಣನೆಯ ಮರಳು.

ಮರಳಿನ ಮೇಲೆ ಒಡ್ಡು ಕಟ್ಟುವವನಿಗೆ ಮೇಲೆ ಹಾಯುವ ನೀರಿಗಿಂತ ಅಡಿಯಲ್ಲಿ ನುಸುಳುವ ನೀರಿನ ಭಯ ಹೆಚ್ಚು. ಒಡ್ಡಿನ ಹಿಂದೆ ನೀರು ಎತ್ತರಕ್ಕೆ ನಿಂತಾಗ ಅದರ ಒತ್ತಡ ಮರಳಿನ ಸಂದುಗಳಲ್ಲಿ ದಾರಿ ಹುಡುಕುತ್ತದೆ. ಕೆಳಬದಿಯಲ್ಲಿ ಜೋರಾಗಿ ಹೊರಬಂದರೆ ಮರಳಿನ ಕಾಳುಗಳನ್ನೂ ಹೊತ್ತು ತರುತ್ತದೆ. ಅಡಿಯಲ್ಲಿ ಬಿಲ ಬೀಳುತ್ತದೆ, ಬಿಲ ಬೆಳೆದು ಒಂದು ದಿನ ಇಡೀ ಕಟ್ಟಡ ಕುಸಿಯುತ್ತದೆ. ಗಂಗೆಯ ನರೋರಾ ಒಡ್ಡು 1898ರಲ್ಲಿ ಹಾಗೆಯೇ ಕೆಟ್ಟಿತು. ಇದಕ್ಕೆ ಮದ್ದು ಎರಡು. ಆಳಕ್ಕೆ ಗೋಡೆ ಇಳಿಸಿ ನೀರಿನ ದಾರಿಯನ್ನು ಬಳಸುದಾರಿ ಮಾಡುವುದು ಒಂದು. ಒಡ್ಡಿನ ಬುಡವನ್ನೇ ಅಗಲ ಮಾಡಿ, ನುಸುಳುವ ನೀರು ಆಚೆ ತಲುಪುವಷ್ಟರಲ್ಲಿ ಸೋತುಹೋಗುವಂತೆ ಮಾಡುವುದು ಇನ್ನೊಂದು. ಬ್ಲೈ ಎಂಬ ಇಂಜಿನಿಯರ್ ಮುಂದೆ ಇದಕ್ಕೊಂದು ಲೆಕ್ಕ ಕೊಟ್ಟ. ಹಿಮಾಲಯದ ನದಿಗಳ ನುಣ್ಣನೆಯ ಮರಳಾದರೆ ನಿಂತ ನೀರಿನ ಎತ್ತರದ ಹದಿನೈದು ಪಟ್ಟು ಉದ್ದ ಅದು ಅಡಿಯಲ್ಲಿ ತೆವಳಬೇಕು. ಹತ್ತು ಅಡಿ ನೀರು ನಿಲ್ಲಿಸಿದರೆ ನೂರೈವತ್ತು ಅಡಿ ಬುಡ ಎಂದಾಯಿತು.

ಓಖ್ಲಾ ಕಟ್ಟಿದವರ ಕೈಯಲ್ಲಿ ಈ ಸೂತ್ರ ಇರಲಿಲ್ಲ. ಅವರು ಆಳಕ್ಕೆ ಗೋಡೆಯನ್ನೂ ಇಳಿಸಲಿಲ್ಲ. ಸುಮಾರು 800 ಗಜ ಉದ್ದಕ್ಕೆ, ಬೇಸಿಗೆಯ ನೀರಿನ ಮಟ್ಟದಿಂದ 7 ಅಡಿ ಎತ್ತರಕ್ಕೆ ಕಲ್ಲು ಪೇರಿಸಿ, ಕೆಳಬದಿಗೆ ಅದನ್ನು ಬಹಳ ನಿಧಾನದ ಇಳಿಜಾರಾಗಿ ಚಾಚಿದರು. ತೂಕ ಮತ್ತು ಅಗಲ, ಇವೆರಡೇ ಆಧಾರ. ಆಳದ ಗೋಡೆಯಿಲ್ಲದೆ ನಿಂತ ಮೊದಲ ಕಲ್ಲುರಾಶಿಯ ಒಡ್ಡು ಇದು ಎಂದು ಬ್ಲೈ ತನ್ನ ಪುಸ್ತಕದಲ್ಲಿ ವಿಶೇಷವಾಗಿ ಹೇಳಿದ್ದಾನೆ. ಉತ್ತರ ಭಾರತದಲ್ಲಿ ನುಣ್ಣನೆಯ ಮರಳಿನ ಮೇಲೆ ಇಂಥ ಸಾಹಸಕ್ಕೆ ಕೈಹಾಕಿದ್ದು ಅದೇ ಮೊದಲು.

ಈ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ದಕ್ಷಿಣದ ಕಡೆ ನೋಡಬೇಕಾಗುತ್ತದೆ. ತುಂಗಭದ್ರೆಯ ಮೇಲೆ ವಿಜಯನಗರದವರು ಕಟ್ಟಿದ ಅಣೆಕಟ್ಟೆಗಳಿಗೆ ಬಂಡೆಗಳ ಆಸರೆ ಇತ್ತು; ಹಂಪಿ, ಹೊಸಪೇಟೆ, ಕಂಪ್ಲಿಯ ಗದ್ದೆಗಳಿಗೆ ಅವುಗಳ ಕಾಲುವೆಗಳು ಇಂದಿಗೂ ನೀರುಣಿಸುತ್ತಿವೆ. ಆದರೆ ಕಾವೇರಿ ಬಯಲಿಗೆ ಇಳಿದ ಮೇಲೆ ಅಲ್ಲೂ ಮರಳೇ. ಆ ಮರಳಿನ ಮೇಲೆ ಚೋಳರ ಕಾಲದ ಕಲ್ಲಣೆ ನಿಂತಿತ್ತು. ಆರ್ಥರ್ ಕಾಟನ್ ಅದನ್ನು ಬಗೆದು ನೋಡಿದ, ದುರಸ್ತಿ ಮಾಡಿದ. ಅಳತೆಗೆ ಸಿಗದಷ್ಟು ಆಳದ ಸಡಿಲ ಮರಳಿನಲ್ಲಿ ಪಾಯ ಹಾಕುವುದನ್ನು ನಾವು ಕಲಿತದ್ದು ಈ ದೇಶದ ಹಳೆಯ ಕಟ್ಟುಗಾರರಿಂದ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಆ ಪಾಠ 1852ರಲ್ಲಿ ಮುಗಿದ ಗೋದಾವರಿಯ ಧವಳೇಶ್ವರಕ್ಕೆ, ಕೃಷ್ಣೆಯ ವಿಜಯವಾಡಕ್ಕೆ ಹೋಯಿತು. ಪಠ್ಯಪುಸ್ತಕಗಳು ಓಖ್ಲಾವನ್ನೂ ಧವಳೇಶ್ವರವನ್ನೂ ಒಂದೇ ವರ್ಗಕ್ಕೆ ಸೇರಿಸುವುದು ಸುಮ್ಮನೆ ಅಲ್ಲ. ದಿಲ್ಲಿಯ ಈ ಕಲ್ಲುರಾಶಿಯ ಹಿಂದಿನ ವಿದ್ಯೆ ಕಾವೇರಿ ತೀರದ್ದು.

ಓಖ್ಲಾದಿಂದ ಹೊರಡುವ ಆಗ್ರಾ ಕಾಲುವೆ 1874ರಲ್ಲಿ ತೆರೆಯಿತು. ಅದರ ಹಿಂದಿನ ವರ್ಷವಷ್ಟೇ ಮೇಲೆ ತಾಜೇವಾಲಾದಲ್ಲಿ ಇನ್ನೊಂದು ತಡೆ ಮುಗಿದಿತ್ತು. ಎರಡು ವರ್ಷದೊಳಗೆ ಯಮುನೆಗೆ ಬಾಯಿ ಮತ್ತು ಬಾಲ ಎರಡೂ ಕಡೆ ಬೀಗ ಬಿತ್ತು. ಮಳೆಗಾಲ ಕಳೆದ ಮೇಲೆ ಓಖ್ಲಾದಲ್ಲಿ ನೀರಿನ ಕೊರತೆಯಾದರೆ ತುಂಬಿಕೊಳ್ಳಲು ಹಿಂಡನ್ ನದಿಯಿಂದ ಅಡ್ಡಗಾಲುವೆಯೊಂದನ್ನೂ ತೋಡಿದರು. ಅದು ಒಡ್ಡಿನ ಮೇಲ್ಗಡೆ ಯಮುನೆಗೆ ಬಂದು ಸೇರುತ್ತದೆ. ಆಗ್ರಾ ಕಾಲುವೆಯಲ್ಲಿ ನೀರಾವರಿಯ ಜೊತೆಗೆ ದೋಣಿಗಳೂ ಓಡಾಡುತ್ತಿದ್ದವು. ದೋಣಿ ಸಂಚಾರ ನಿಂತದ್ದು 1904ರಲ್ಲಿ. ಆಗ್ರಾ–ದಿಲ್ಲಿ ನೇರ ರೈಲುಮಾರ್ಗ ತೆರೆದದ್ದೂ ಅದೇ ವರ್ಷ. ಆ ಹಳಿ ಓಖ್ಲಾದ ಮೇಲೆಯೇ ಹಾಯುತ್ತದೆ.

ಒಂದು ಸಂಗತಿ ದಿಲ್ಲಿಯ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತದೆ. ಒಡ್ಡು ಇರುವ ಜಾಗ ದಿಲ್ಲಿ, ಬಾಗಿಲುಗಳ ಕೀಲಿ ಇರುವುದು ಉತ್ತರ ಪ್ರದೇಶದ ನೀರಾವರಿ ಇಲಾಖೆಯ ಕೈಯಲ್ಲಿ. ಕಾಲುವೆಯ ಪಕ್ಕದ ಜಮೀನಿನಲ್ಲೂ ಅದೇ ಇಲಾಖೆಯ ಫಲಕಗಳಿವೆ. 1857ರ ದಂಗೆಯ ನಂತರ ದಿಲ್ಲಿಯನ್ನು ಪಂಜಾಬ್ ಪ್ರಾಂತಕ್ಕೆ ಸೇರಿಸಿದ್ದರು. ಕಾಲುವೆ ಬೇಕಾಗಿದ್ದದ್ದು ಆಗ್ರಾಕ್ಕೆ, ಆಗ್ರಾ ಇದ್ದದ್ದು ವಾಯವ್ಯ ಪ್ರಾಂತದಲ್ಲಿ. ಆ ಪ್ರಾಂತದ ಇಲಾಖೆ ಇಲ್ಲಿಗೆ ಬಂದು ಕಟ್ಟಿತು, ವಾರಸುದಾರಿಕೆ ಹಾಗೆಯೇ ಇಳಿದು ಬಂತು. ನನಗೆ ಇದು ವಿಚಿತ್ರ ಅನ್ನಿಸಲಿಲ್ಲ. ನಮ್ಮ ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ಅಣೆಕಟ್ಟು ಕರ್ನಾಟಕದ್ದು, ಕಾಲುವೆಯ ನೀರು ಬಹುಪಾಲು ತೆಲಂಗಾಣದ ಗದ್ದೆಗಳದ್ದು. ಕಾಲುವೆಯ ಬಾಯಿ ಯಾರ ನೆಲದಲ್ಲಿದೆ ಎನ್ನುವುದಕ್ಕಿಂತ ಬಾಲ ಯಾರ ಹೊಲದಲ್ಲಿದೆ ಎಂಬುದೇ ನೀರಾವರಿಯಲ್ಲಿ ಜಗಳಕ್ಕೆ ಮೂಲ.

ಒಡ್ಡು ಬಂದ ಮೇಲೆ ಓಖ್ಲಾಕ್ಕೆ ಹೊಸ ಬದುಕು ಬಂತು. ಹಿಂದೆ ತುಂಬಿ ನಿಂತ ನೀರು, ದಂಡೆಯ ನೆರಳು. ದಿಲ್ಲಿಯ ಸಾಹೇಬರೂ ಆಮೇಲೆ ದೇಶೀ ಕುಟುಂಬಗಳೂ ಬುತ್ತಿ ಕಟ್ಟಿಕೊಂಡು ವಿಹಾರಕ್ಕೆ ಬರುತ್ತಿದ್ದರು. 1935ರ ಮಾರ್ಚ್ 1ರಂದು ಜಾಮಿಯಾ ಮಿಲಿಯಾ ಇಲ್ಲಿ ಶಾಲೆಯ ಅಡಿಗಲ್ಲು ಹಾಕಿತು. ಅಸಹಕಾರ ಚಳವಳಿಯ ಕಾಲದಲ್ಲಿ, 1920ರಲ್ಲಿ ಅಲಿಗಢದಲ್ಲಿ ಹುಟ್ಟಿ, 1925ರಲ್ಲಿ ದಿಲ್ಲಿಯ ಕರೋಲ್ ಬಾಗಿಗೆ ಬಂದಿದ್ದ ಸಂಸ್ಥೆ ಅದು. ಅಡಿಗಲ್ಲನ್ನು ಮಂತ್ರಿ ಮಹೋದಯರ ಕೈಯಲ್ಲಿ ಹಾಕಿಸದೆ ಶಾಲೆಯ ಅತಿ ಕಿರಿಯ ವಿದ್ಯಾರ್ಥಿ ಅಬ್ದುಲ್ ಅಜೀಜನ ಕೈಯಲ್ಲಿ ಹಾಕಿಸಿದರು. ಮುಂದೆ ರಾಷ್ಟ್ರಪತಿಯಾದ ಜಾಕಿರ್ ಹುಸೇನರು ಆಗ ಅದರ ಮುಖ್ಯಸ್ಥರು. ಜಾಕಿರ್ ನಗರ, ಬಟ್ಲಾ ಹೌಸ್, ಅಬುಲ್ ಫಜಲ್, ಶಾಹೀನ್ ಬಾಗ್ ಎಂಬ ಇಂದಿನ ಕಿಕ್ಕಿರಿದ ಬಡಾವಣೆಗಳೆಲ್ಲ ಆ ಶಾಲೆಯ ಸುತ್ತ, ನದಿಯ ಕಡೆಗೆ ಚಾಚುತ್ತ ಬೆಳೆದವು.

ಎರಡೇ ವರ್ಷದ ಮೇಲೆ, 1937ರಲ್ಲಿ, ಹೊಸ ರಾಜಧಾನಿಯ ಕೊಳಚೆ ನೀರೂ ಓಖ್ಲಾಕ್ಕೆ ಬಂತು. ಶುದ್ಧೀಕರಣ ಘಟಕಕ್ಕೆ ಓಖ್ಲಾವನ್ನು ಆರಿಸಿದ್ದರಲ್ಲಿ ಇಂಜಿನಿಯರರ ತಪ್ಪೇನೂ ಇಲ್ಲ. ನೀರು ತಗ್ಗಿಗೆ ಹರಿಯುತ್ತದೆ, ದಿಲ್ಲಿಯ ತಗ್ಗು ಓಖ್ಲಾ. ಊರಿಗೆ ಕುಡಿಯುವ ನೀರು ಮೇಲೆ ವಜೀರಾಬಾದಿನಲ್ಲಿ, ಹೊಲಸು ಕೆಳಗೆ ಓಖ್ಲಾದಲ್ಲಿ ಎಂಬ ಹಂಚಿಕೆ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ನದಿ ಅದನ್ನು ಒಪ್ಪಲಿಲ್ಲ. 1955ರ ನೆರೆಯ ನಂತರ ಯಮುನೆ ಪಾತ್ರ ಬದಲಿಸಿ ಪೂರ್ವಕ್ಕೆ ಸರಿಯಿತು. ಕೆಳಗೆ ಸೇರಬೇಕಾದ ನಜಫಗಢ ನಾಲೆಯ ಹೊಲಸು ಹಿಮ್ಮೆಟ್ಟಿ ವಜೀರಾಬಾದಿನ ನೀರೆತ್ತುವ ಬಾಯಿಗೇ ಬಂತು. ಆ ಚಳಿಗಾಲ ದಿಲ್ಲಿಯಲ್ಲಿ 29,000ಕ್ಕೂ ಹೆಚ್ಚು ಜನ ಕಾಮಾಲೆ ಹಿಡಿದು ಮಲಗಿದರು. ನೀರಿನಿಂದ ಹರಡುವ ಕಾಮಾಲೆಯ ಬಗ್ಗೆ ಓದುವ ವೈದ್ಯ ವಿದ್ಯಾರ್ಥಿಗಳು ಜಗತ್ತಿನಾದ್ಯಂತ ಇಂದಿಗೂ ಈ ಪ್ರಕರಣವನ್ನು ಓದುತ್ತಾರೆ. ಅದಾದ ಮೇಲೆ ವಜೀರಾಬಾದಿನಲ್ಲಿ ಬ್ಯಾರೇಜು ಎದ್ದಿತು. ಅಲ್ಲಿ ತಡೆದ ನೀರೆಲ್ಲ ಊರಿಗೆ. ಅಲ್ಲಿಂದ ಓಖ್ಲಾದವರೆಗಿನ 22 ಕಿಲೋಮೀಟರಿಗೆ ಬೇಸಿಗೆಯಲ್ಲಿ ಇಳಿಯುವುದು ನಾಲೆಗಳ ನೀರು. ನದಿಯ ಉದ್ದದಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲದ ಈ ತುಂಡಿನಿಂದ ಯಮುನೆಯ ಒಟ್ಟು ಕೊಳೆಯ ಮುಕ್ಕಾಲು ಪಾಲು ಬರುತ್ತದೆ.

ಐವತ್ತರ ದಶಕದಲ್ಲಿ ಸಣ್ಣ ಕೈಗಾರಿಕೆಗಳ ಎಸ್ಟೇಟು ಬಂತು. ರೈಲು ಹಳಿ, ಮಥುರಾ ರಸ್ತೆ, ಅಗ್ಗದ ನೆಲ ಮೂರೂ ಇದ್ದವು. ಅಲ್ಲಿ ಜಾಗ ಸಾಲದೆ 1976ರ ಏಪ್ರಿಲಿನಲ್ಲಿ ನದಿಯ ಆಚೆ ದಂಡೆಯಲ್ಲಿ ಉತ್ತರ ಪ್ರದೇಶ ಸರ್ಕಾರ ಇನ್ನೊಂದು ಪ್ರಾಧಿಕಾರ ಮಾಡಿತು: ನ್ಯೂ ಓಖ್ಲಾ ಇಂಡಸ್ಟ್ರಿಯಲ್ ಡೆವಲಪ್‌ಮೆಂಟ್ ಅಥಾರಿಟಿ. ಮೊದಲಕ್ಷರಗಳನ್ನು ಕೂಡಿಸಿದರೆ ನೋಯ್ಡಾ. ನೋಯ್ಡಾದಲ್ಲಿ ಕೆಲಸ ಮಾಡುವ ನಮ್ಮ ಸಾವಿರಾರು ಕನ್ನಡದ ಹುಡುಗರು ದಿನವೂ ಓಖ್ಲಾದ ಹೆಸರನ್ನೇ ಹೇಳುತ್ತಿದ್ದಾರೆ, ಗೊತ್ತಿಲ್ಲದೆ.

ಎಂಬತ್ತರ ದಶಕದಲ್ಲಿ ಹಳೆಯ ಕಲ್ಲಿನ ಒಡ್ಡಿನ ಕೆಳಗಡೆ, ಕಾಳಿಂದಿ ಕುಂಜದ ಹತ್ತಿರ, ಉಕ್ಕಿನ ಬಾಗಿಲುಗಳ ಹೊಸ ಬ್ಯಾರೇಜು ಬಂತು. ಅದರ ಹಿಂದೆ ಹರಡಿದ ನೀರಿಗೆ ಹಕ್ಕಿಗಳು ಇಳಿದವು. 1990ರಲ್ಲಿ ಸುಮಾರು ನಾಲ್ಕು ಚದರ ಕಿಲೋಮೀಟರ್ ಜಾಗವನ್ನು ಪಕ್ಷಿಧಾಮವೆಂದು ಸಾರಿದರು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಇಲ್ಲಿ ನೋಡಿದ್ದೇನೆ. ಅದೇ ಜಾತಿಯ ಹಕ್ಕಿಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಮಾಗಡಿಯ ರೈತರ ಶೇಂಗಾ ಹೊಲದ ರುಚಿ ಅವಕ್ಕೆ ಓಖ್ಲಾದಲ್ಲಿ ಸಿಗಲಾರದು.

ಬ್ಯಾರೇಜಿನ ಕೆಳಗೆ ಮಾತ್ರ ಬೇರೆಯೇ ನೋಟ. ಮಳೆಗಾಲ ಮುಗಿದು ಹರಿವು ತಗ್ಗಿದಾಗ, ಸಾಬೂನು ಪುಡಿಗಳ ರಾಸಾಯನಿಕ ತುಂಬಿದ ನೀರು ಎತ್ತರದಿಂದ ಬಿದ್ದು ಕಡೆದಂತಾಗಿ ಬಿಳಿ ನೊರೆ ಏಳುತ್ತದೆ. ಆ ಹೊತ್ತಿಗೇ ಬಿಹಾರದವರ ಛಠ್ ಹಬ್ಬ. ನೊರೆಯ ನಡುವೆ ಸೊಂಟದುದ್ದ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ಹೆಂಗಸರ ಚಿತ್ರಗಳು ಪ್ರತಿ ವರ್ಷ ಪತ್ರಿಕೆಗಳಲ್ಲಿ ಬರುತ್ತವೆ. ಕಾಳಿಂದಿಯ ಮಡುವಿನಲ್ಲಿ ವಿಷ ಕಾರಿದ ಹಾವಿನ ಕತೆಯನ್ನು ನಮ್ಮ ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲಿ ಕಡೆದರು, ಹರಿದಾಸರು ಹಾಡಿದರು. ಈಗಿನ ವಿಷಕ್ಕೆ ಹೆಡೆ ಒಂದಲ್ಲ, ತುಳಿಯುವುದಕ್ಕೆ ಬಾಲಕ ಬರುವುದೂ ಇಲ್ಲ.

ಜೈತ್‌ಪುರದ ಕಡೆ ಖಾದರಿನಲ್ಲಿ ತರಕಾರಿ ಬೆಳೆಯುವ ಮುದುಕರೊಬ್ಬರ ಹತ್ತಿರ ಮೂಲಂಗಿ ಕೊಳ್ಳುತ್ತ ಒಮ್ಮೆ ಕೇಳಿದೆ, “ಚಾಚಾ, ಮೊದಲು ಇಲ್ಲಿ ಏನು ಬೆಳೆಯುತ್ತಿದ್ದಿರಿ?”

“ಕರ್ಬೂಜ, ಬಾಬೂಜಿ. ಹೊಳೆ ಇಳಿದ ಮರಳಿನಲ್ಲಿ ಬೀಜ ಊರಿದರೆ ಸಾಕಿತ್ತು. ಈಗ ಹೊಳೆ ಇಳಿಯುವುದಕ್ಕೆ ಏರುವುದಾದರೂ ಎಲ್ಲಿ?” ಎಂದರು.

ಏರಿದ್ದು 2023ರ ಜುಲೈನಲ್ಲಿ. 13ನೆಯ ತಾರೀಖು ಹಳೆಯ ಕಬ್ಬಿಣದ ಸೇತುವೆಯ ಹತ್ತಿರ ಮಟ್ಟ 208.66 ಮೀಟರ್ ಮುಟ್ಟಿತು. 1978ರ 207.49ರ ದಾಖಲೆ ಮುರಿಯಿತು. ವೃತ್ತಿಯ ಚಟದಿಂದ ನಾನು ಮೊದಲು ನೋಡಿದ್ದು ಮೇಲಿನ ಹಥ್ನಿಕುಂಡದ ಅಂಕಿಗಳನ್ನು. ತಾಜೇವಾಲಾದ ಬದಲಿಗೆ ಈಗಿರುವ ಬ್ಯಾರೇಜು ಅದು. 2019ರಲ್ಲಿ ಅಲ್ಲಿಂದ ಹರಿದದ್ದು 8 ಲಕ್ಷ ಕ್ಯೂಸೆಕ್ಸಿಗೂ ಹೆಚ್ಚು, ದಿಲ್ಲಿಯಲ್ಲಿ ಮಟ್ಟ 207 ಮೀಟರನ್ನೂ ಮುಟ್ಟಿರಲಿಲ್ಲ. 2023ರಲ್ಲಿ ಹರಿದದ್ದು 3.6 ಲಕ್ಷ ಕ್ಯೂಸೆಕ್ಸ್ ಮಾತ್ರ. ಅರ್ಧಕ್ಕಿಂತ ಕಡಿಮೆ ನೀರು ಹೆಚ್ಚು ಎತ್ತರಕ್ಕೆ ಏರಿತೆಂದರೆ ನೀರಿಗೆ ಹರಡಿಕೊಳ್ಳಲು ಜಾಗ ಕಡಿಮೆಯಾಗಿದೆ ಎಂದೇ ಅರ್ಥ. ಖಾದರಿನಲ್ಲಿ ಎದ್ದ ಕಟ್ಟಡ, ಏರಿ, ಸೇತುವೆಯ ಕಂಬಗಳು, ಹೂಳು, ತೆರೆಯದೆ ಸಿಕ್ಕಿಬಿದ್ದ ಐಟಿಓ ಬ್ಯಾರೇಜಿನ ಬಾಗಿಲುಗಳು, ಎಲ್ಲ ಸೇರಿ ಆದ ಲೆಕ್ಕ ಅದು.

ಈಗ ಕೊನೆಯ ಲೆಕ್ಕ. 1994ರ ಮೇ 12ರಂದು ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನ, ಹಿಮಾಚಲ ಮತ್ತು ದಿಲ್ಲಿಯ ಮುಖ್ಯಮಂತ್ರಿಗಳು ಯಮುನೆಯ ನೀರು ಹಂಚಿಕೊಂಡು ಸಹಿ ಹಾಕಿದರು. ಹಂಚಿಕೊಂಡದ್ದು ಓಖ್ಲಾದವರೆಗಿನ ನೀರನ್ನು. ನಮ್ಮ ಕಡೆಯವರಿಗೆ ತಿಳಿಯುವ ಟಿಎಂಸಿಯಲ್ಲಿ ಹೇಳುವುದಾದರೆ ಒಟ್ಟು ಸುಮಾರು 423. ಹರಿಯಾಣಕ್ಕೆ 202, ಉತ್ತರ ಪ್ರದೇಶಕ್ಕೆ 142, ರಾಜಸ್ಥಾನಕ್ಕೆ 40, ದಿಲ್ಲಿಗೆ 26, ಹಿಮಾಚಲಕ್ಕೆ 13. ಕೂಡಿಸಿದರೆ ಪೂರ್ತಿ 423 ಮುಗಿಯಿತು. ಜೀವಪರಿಸರ ಉಳಿಯಲು ತಾಜೇವಾಲಾದ ಕೆಳಗೂ ಓಖ್ಲಾದ ಕೆಳಗೂ ವರ್ಷವಿಡೀ ಸೆಕೆಂಡಿಗೆ 10 ಘನಮೀಟರಿನವರೆಗೆ ನೀರು ಬಿಡಬೇಕೆಂಬ ಮಾತೂ ಆ ಒಪ್ಪಂದದಲ್ಲಿದೆ. ಆದರೆ ಮೇಲೆ ಜಲಾಶಯಗಳು ಎಷ್ಟು ಮುಗಿಯುತ್ತವೋ ಅಷ್ಟರ ಪ್ರಮಾಣದಲ್ಲಿ ಎಂಬ ಷರತ್ತಿನೊಂದಿಗೆ. ಲಖ್ವಾರ್, ರೇಣುಕಾ, ಕಿಶಾವ್ ಎಂಬ ಆ ಜಲಾಶಯಗಳು ಇನ್ನೂ ಮುಗಿದಿಲ್ಲ.

ಹತ್ತು ಘನಮೀಟರ್ ಎಂದರೆ ವರ್ಷಕ್ಕೆ ಸುಮಾರು 11 ಟಿಎಂಸಿ. 423ರಲ್ಲಿ 11. ಶುದ್ಧೀಕರಣ ಘಟಕಗಳಿಗೆ ಎಷ್ಟೇ ಕೋಟಿ ಸುರಿದರೂ, ಆ 11 ಟಿಎಂಸಿಯನ್ನು ಯಾವ ಜಲಾಶಯಕ್ಕೂ ಕಾಯದೆ ಮೊದಲೇ ತೆಗೆದಿಡದಿದ್ದರೆ ಓಖ್ಲಾದ ಕೆಳಗೆ ಹರಿಯುವುದು ನದಿಯಾಗುವುದಿಲ್ಲ. ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಹಂಚುವಾಗ ಪರಿಸರಕ್ಕೆಂದು 10 ಟಿಎಂಸಿ ಪ್ರತ್ಯೇಕ ಇಟ್ಟಿತು. ಅದು ಸಾಲದು ಎನ್ನುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೂ ಹಂಚಿಕೆಯ ಪಟ್ಟಿಯಲ್ಲಿ ನದಿಯ ಹೆಸರಿಗೆ ಒಂದು ಸಾಲು ಬಂತು. ಕೃಷ್ಣೆಯಾಗಲಿ ಮಹದಾಯಿಯಾಗಲಿ, ಮುಂದೆ ಯಾವ ಒಪ್ಪಂದಕ್ಕೆ ನಮ್ಮವರು ಸಹಿ ಹಾಕಲು ಕೂತರೂ, ಆ ಸಾಲನ್ನು ಕೊನೆಗೆ ಬರೆಯದೆ ಮೊದಲು ಬರೆಯಲಿ.